ರಾಜೇಶ್ವರಿ ಚಟರ್ಜಿ

ರಾಜೇಶ್ವರಿ ಚಟರ್ಜಿ (24 ಜನವರಿ 1922 – 3 ಸೆಪ್ಟೆಂಬರ್ 2010): ಮೈಕ್ರೋವೇವ್ ಮತ್ತು ಆಂಟೆನಾ ವಿಜ್ಞಾನವನ್ನು ಭಾರತದ ತರಗತಿಗೂ ಪ್ರಯೋಗಾಲಯಕ್ಕೂ ತಂದ ಮೊದಲಿಗರಲ್ಲಿ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೂರು ದಶಕಗಳ ಕಾಲ ಅಧ್ಯಾಪಕಿ, ಅಲ್ಲಿನ ವಿದ್ಯುತ್ ಸಂವಹನ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥೆ, ಏಳು ಪುಸ್ತಕಗಳ ಲೇಖಕಿ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂಬ ಹೆಸರು ಅವರಿಗಿದೆ. ಮೊಬೈಲ್ ಫೋನಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಹ್ಯಾಂಡ್‌ಸೆಟ್ಟಿನಿಂದ ಶುರುಮಾಡುತ್ತಾರೆ: 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮೋಟೊರೋಲಾದ ಮಾರ್ಟಿನ್ ಕೂಪರ್ ಮಾಡಿದ ಕರೆ, 1995ರ ಜುಲೈ 31ರಂದು ಕಲ್ಕತ್ತೆಯಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರಿಗೆ ಮಾಡಿದ ಕರೆ. ಆದರೆ ಕೈಯಲ್ಲಿರುವ ಫೋನಿಗೂ ಊರಾಚೆಯ ಟವರಿಗೂ ನಡುವೆ ಓಡಾಡುವುದು ಮೈಕ್ರೋವೇವ್. ಅದನ್ನು ಹಿಡಿಯುವ, ಬಿಡುವ, ದಾರಿಗೆ ಹಚ್ಚುವ ವಿದ್ಯೆಯನ್ನು ಈ ದೇಶದ ಎಂಜಿನಿಯರುಗಳು ಕಲಿತ ಮೊದಲ ಜಾಗಗಳಲ್ಲಿ ಒಂದು ಬೆಂಗಳೂರಿನ ಈ ವಿಭಾಗ. ರಾಜೇಶ್ವರಿಯವರು ಮೊಬೈಲ್ ಫೋನನ್ನು ಕಂಡುಹಿಡಿದವರಲ್ಲ, ಅದಕ್ಕೆ ಸಂಬಂಧಿಸಿದ ಪೇಟೆಂಟ್‌ಗಳಿಂದ ಹೆಸರಾದವರೂ ಅಲ್ಲ. ಅವರ ಸಾಧನೆ ಇರುವುದು ಅದಕ್ಕಿಂತ ಒಂದು ಪದರ ಕೆಳಗೆ.

ಮನೆತನ, ಶಾಲೆ

ತಂದೆ ಬಿ. ಎಂ. ಶಿವರಾಮಯ್ಯ ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ಸಂಸ್ಥಾನದ ಮೊಟ್ಟಮೊದಲ ಬೆರಳೆಣಿಕೆಯ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರಿಗೂ ಗಂಡ ಬಿಟ್ಟ ಹೆಂಗಸರಿಗೂ ಓದು ಕಲಿಸಿ ಅವರನ್ನು ಸ್ವಂತ ಕಾಲ ಮೇಲೆ ನಿಲ್ಲಿಸಬೇಕೆಂಬುದು ಅವರ ಹಟ. ಆ ಹಟದ ಫಲವಾಗಿ ಬೆಳೆದ ಸಂಸ್ಥೆ ಬೆಂಗಳೂರಿನ ಮಹಿಳಾ ಸೇವಾ ಸಮಾಜ. ಮೊಮ್ಮಗಳ ಓದು ಶುರುವಾದದ್ದೂ ಅಲ್ಲೇ.

ಆ ಕಾಲದ ಹುಡುಗಿಯೊಬ್ಬಳ ಜೀವನಚರಿತ್ರೆಯಲ್ಲಿ ಬರಬೇಕಾದ ಒಂದು ಅಧ್ಯಾಯ ಇಲ್ಲಿ ಬರುವುದೇ ಇಲ್ಲ: ಓದಿಸಬೇಕೋ ಬೇಡವೋ ಎಂಬ ಮನೆಯ ಜಗಳ. ಆ ಜಗಳವನ್ನು ಅಜ್ಜಿ ಒಂದೆರಡು ತಲೆಮಾರು ಮೊದಲೇ ಆಡಿ ಗೆದ್ದಾಗಿತ್ತು. ರಾಜೇಶ್ವರಿಯವರ ಬಗ್ಗೆ ಬರೆದವರು ಅವರ ವೈಯಕ್ತಿಕ ಛಲವನ್ನೇ ಎತ್ತಿ ಹೇಳುತ್ತಾರೆ. ಛಲ ಇದ್ದೇ ಇತ್ತು. ಆದರೆ ಸಂಸ್ಥಾನದ ಶಾಲೆ ಕಾಲೇಜು, ವಿದ್ಯಾರ್ಥಿವೇತನ, ಹೆಂಗಸರೇ ಕಟ್ಟಿದ ಒಂದು ಸಮಾಜ ಇವೆಲ್ಲ ಒಟ್ಟಾಗದಿದ್ದರೆ ಆ ಛಲಕ್ಕೆ ದಾರಿ ಸಿಗುತ್ತಿತ್ತೇ ಎಂಬುದು ಅನುಮಾನ.

ಶಾಲೆ ಮುಗಿದಾಗ ಅವರ ಮನಸ್ಸು ಇತಿಹಾಸದ ಕಡೆ ವಾಲಿತ್ತು. ಕೊನೆಗೆ ಆರಿಸಿಕೊಂಡದ್ದು ಭೌತವಿಜ್ಞಾನ ಮತ್ತು ಗಣಿತ. ಇತಿಹಾಸದ ಮೇಲಿನ ಆಸೆ ಮಾತ್ರ ಪೂರ್ತಿ ಹೋಗಲಿಲ್ಲ. ನಿವೃತ್ತಿಯ ನಂತರ ಅವರು ಬರೆದ ಪುಸ್ತಕಗಳನ್ನು ನೋಡಿದರೆ ಗೊತ್ತಾಗುತ್ತದೆ.

ಸೆಂಟ್ರಲ್ ಕಾಲೇಜು

ಮೈಸೂರು ವಿಶ್ವವಿದ್ಯಾನಿಲಯದ ವಿಜ್ಞಾನ ವಿಭಾಗಗಳು ಆಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದವು. ರಾಜೇಶ್ವರಿ ಅಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಆನರ್ಸ್, ಆಮೇಲೆ ಎಂ.ಎಸ್ಸಿ. ಮಾಡಿದರು. ಎರಡರಲ್ಲೂ ವಿಶ್ವವಿದ್ಯಾನಿಲಯಕ್ಕೇ ಮೊದಲ ಸ್ಥಾನ. ಬಿ.ಎಸ್ಸಿ.ಗೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಪ್ರಶಸ್ತಿ, ಎಂ.ಎಸ್ಸಿ.ಗೆ ಎಂ. ಟಿ. ನಾರಾಯಣ ಅಯ್ಯಂಗಾರ್ ಬಹುಮಾನ ಮತ್ತು ವಾಲ್ಟರ್ಸ್ ಸ್ಮಾರಕ ಬಹುಮಾನ ಬಂದವು.

ಈ ಎರಡನೆಯ ಹೆಸರಿನ ಹಿನ್ನೆಲೆ ಗೊತ್ತಿದ್ದರೆ ಚೆನ್ನ. ನಾರಾಯಣ ಅಯ್ಯಂಗಾರ್ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕರು, ಭಾರತೀಯ ಗಣಿತ ಸಂಘದ ಪತ್ರಿಕೆಯ ಸಂಪಾದಕರು. ಮದರಾಸಿನಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ ಶ್ರೀನಿವಾಸ ರಾಮಾನುಜನ್ ಅವರ ಮೊದಲ ಸಂಶೋಧನಾ ಲೇಖನ 1911ರಲ್ಲಿ ಅಚ್ಚಾದದ್ದು ಈ ಸಂಪಾದಕರ ಕೈದಾಟಿಯೇ. ಅಂಥ ಗಣಿತದ ವಾತಾವರಣ ಇದ್ದ ಕಾಲೇಜಿನಿಂದ ರಾಜೇಶ್ವರಿ 1943ರಲ್ಲಿ ಹೊರಬಂದರು. ಕೈಯಲ್ಲಿದ್ದದ್ದು ಗಣಿತದ ಪದವಿ, ಎಂಜಿನಿಯರಿಂಗ್ ಪದವಿಯಲ್ಲ. ಮುಂದೆ ಅವರು ಮಾಡಿದ ಕೆಲಸದ ಸ್ವಭಾವವನ್ನು ತೀರ್ಮಾನಿಸಿದ್ದು ಈ ಸಂಗತಿಯೇ ಎನ್ನಬಹುದು.

1943: ಬೆಂಗಳೂರು, ಮದರಾಸು

ಅದೇ ವರ್ಷ ಅವರು ಸಂಶೋಧನಾ ವಿದ್ಯಾರ್ಥಿನಿಯಾಗಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಬೆಂಗಳೂರಿಗರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಸೇರಿದರು. ಆಗಿನ್ನೂ ಅಲ್ಲಿ ಸಂವಹನಕ್ಕೆ ಬೇರೆ ವಿಭಾಗ ಇರಲಿಲ್ಲ; ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗದ ಒಳಗೇ ಆ ಕೆಲಸ ನಡೆಯುತ್ತಿತ್ತು. ವಿದ್ಯುತ್ ಸಂವಹನ ಎಂಜಿನಿಯರಿಂಗ್ ವಿಭಾಗ ಸ್ವತಂತ್ರವಾದದ್ದು 1946ರಲ್ಲಿ.

ಸಂಸ್ಥೆಯಲ್ಲಿ ಹೆಣ್ಣುಮಕ್ಕಳು ಆಗಿನ್ನೂ ಅಪರೂಪ. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು, ಹೆಣ್ಣೆಂಬ ಕಾರಣಕ್ಕೆ ಸೇರಿಸಿಕೊಳ್ಳಲು ಒಪ್ಪದ ಸಿ. ವಿ. ರಾಮನ್ ಅವರ ಎದುರು ಪಟ್ಟುಹಿಡಿದು, ಷರತ್ತುಗಳ ಮೇಲೆ ಪ್ರವೇಶ ಪಡೆದಿದ್ದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಬಂದ ಅನ್ನಾ ಮಣಿ ರಾಮನ್ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ರೋಹಿತಗಳನ್ನು ಅಳೆದು ಲೇಖನಗಳನ್ನು ಪ್ರಕಟಿಸಿದರೂ, ಎಂ.ಎಸ್ಸಿ. ಇಲ್ಲ ಎಂಬ ನೆಪದಲ್ಲಿ ಮದರಾಸು ವಿಶ್ವವಿದ್ಯಾನಿಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ರಾಜೇಶ್ವರಿಯವರ ಬಳಿ ಎಂ.ಎಸ್ಸಿ. ಇತ್ತು, ಮೊದಲ ರ‍್ಯಾಂಕೂ ಇತ್ತು. ಆದರೆ ವಿದ್ಯುತ್ ಸಂವಹನದಲ್ಲಿ ಸಂಶೋಧನೆ ಎಂಬುದು ಆಗ ಗಂಡಸರಿಗೂ ಹೆಚ್ಚು ಪರಿಚಿತವಾಗಿರಲಿಲ್ಲ.

ಇದೇ 1943ರಲ್ಲಿ ಮದರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಿಂದ ಮೂವರು ಹೆಂಗಸರು ತೇರ್ಗಡೆಯಾಗಿ ಹೊರಬಂದರು. ಎ. ಲಲಿತಾ ವಿದ್ಯುತ್ ಎಂಜಿನಿಯರಿಂಗ್, ಪಿ. ಕೆ. ತ್ರೇಸ್ಯಾ ಮತ್ತು ಲೀಲಮ್ಮ ಜಾರ್ಜ್ ಸಿವಿಲ್. ಹದಿನೆಂಟಕ್ಕೇ ವಿಧವೆಯಾಗಿ ಎಳೆಗೂಸನ್ನು ಕಂಕುಳಲ್ಲಿಟ್ಟುಕೊಂಡಿದ್ದ ಲಲಿತಾ ಅವರನ್ನು ಅದೇ ಕಾಲೇಜಿನಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ತಂದೆ ಪಪ್ಪು ಸುಬ್ಬರಾವ್ ಸೇರಿಸಿದ್ದರು. ಕಾಲೇಜಿನ ಪ್ರಮಾಣಪತ್ರದಲ್ಲಿ ಗಂಡಸಿಗೆ ಹೊಂದುವ ಸರ್ವನಾಮವೇ ಅಚ್ಚಾಗಿದ್ದರಿಂದ ಅದನ್ನು ಹೊಡೆದುಹಾಕಿ ಕೈಯಿಂದ ತಿದ್ದಿಕೊಡಬೇಕಾಯಿತು. ಮದರಾಸಿನ ದಾರಿ ಪದವಿ, ಕಾರ್ಖಾನೆ, ಲೋಕೋಪಯೋಗಿ ಇಲಾಖೆಯದು. ತ್ರೇಸ್ಯಾ 1971ರಲ್ಲಿ ಕೇರಳದ ಮುಖ್ಯ ಎಂಜಿನಿಯರ್ ಆದರು. ಬೆಂಗಳೂರಿನ ದಾರಿ ಗಣಿತದಿಂದ ಹೊರಟು ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತಿತು. ಯಾರು ಮೊದಲು ಎಂದು ಕೇಳುವವರು ಈ ಎರಡು ದಾರಿಗಳ ವ್ಯತ್ಯಾಸವನ್ನು ಮರೆಯಬಾರದು.

ಅಮೆರಿಕ

ಎರಡನೆಯ ಮಹಾಯುದ್ಧ ಮುಗಿದು ಅಧಿಕಾರ ಹಸ್ತಾಂತರದ ಮಾತುಕತೆ ನಡೆಯುತ್ತಿದ್ದ ಕಾಲದಲ್ಲಿ, ಸ್ವತಂತ್ರ ಭಾರತಕ್ಕೆ ಬೇಕಾಗುವ ತಜ್ಞರನ್ನು ತಯಾರು ಮಾಡಲು ಸರ್ಕಾರ ತರುಣ ವಿಜ್ಞಾನಿಗಳಿಗೆ ವಿದೇಶೀ ವಿದ್ಯಾರ್ಥಿವೇತನ ಕೊಡತೊಡಗಿತು. ರಾಜೇಶ್ವರಿ ಎಲೆಕ್ಟ್ರಾನಿಕ್ಸ್ ಕ್ಷೇತ್ರಕ್ಕೆ ಅರ್ಜಿ ಹಾಕಿದರು, 1946ರಲ್ಲಿ ಆಯ್ಕೆಯಾದರು. ವಾಪಸು ಬಂದು ಇಲ್ಲೇ ದುಡಿಯಬೇಕು ಎಂಬುದು ಒಪ್ಪಂದ.

1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಇನ್ನೊಂದು ತಿಂಗಳಿರುವಾಗ, ಇಪ್ಪತ್ತೈದು ವರ್ಷದ ಅವಿವಾಹಿತ ಹುಡುಗಿ ಅಮೆರಿಕಕ್ಕೆ ಹಡಗು ಹತ್ತಿದರು. ‘ಮರೀನ್ ಆಡರ್’ ಎಂಬ ಆ ಹಡಗು ಯುದ್ಧದಲ್ಲಿ ಸೈನಿಕರನ್ನು ಸಾಗಿಸಿದ್ದು, ಯುದ್ಧ ಮುಗಿದ ಮೇಲೆ ಪ್ರಯಾಣಿಕರಿಗೆಂದು ಬದಲಾಯಿಸಿದ್ದು. ಪ್ರಯಾಣ ಸುಮಾರು ಒಂದು ತಿಂಗಳು.

ಸೇರಿದ್ದು ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾನಿಲಯದ ವಿದ್ಯುತ್ ಎಂಜಿನಿಯರಿಂಗ್ ವಿಭಾಗ. ಅಲ್ಲಿ ಸ್ನಾತಕೋತ್ತರ ಪದವಿ ಪಡೆದು, ಸರ್ಕಾರದ ಒಪ್ಪಂದದಂತೆ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಬ್ಯೂರೋದ ರೇಡಿಯೋ ಆವರ್ತನ ಮಾಪನ ವಿಭಾಗದಲ್ಲಿ ಎಂಟು ತಿಂಗಳು ಪ್ರಾಯೋಗಿಕ ತರಬೇತಿ ಮುಗಿಸಿದರು. ಅಮೆರಿಕದಲ್ಲಿ ಒಂದು ಸೆಂಟಿಮೀಟರ್, ಒಂದು ವೋಲ್ಟ್, ಒಂದು ಸೈಕಲ್ ಎಂದರೆ ಎಷ್ಟು ಎಂದು ತೀರ್ಮಾನಿಸುವ ಸಂಸ್ಥೆ ಅದು. ಗಣಿತ ಓದಿ ಬಂದವರಿಗೆ ಇದಕ್ಕಿಂತ ಒಳ್ಳೆಯ ಗರಡಿ ಸಿಗುವುದು ಕಷ್ಟ. ಸಮೀಕರಣದಲ್ಲಿ ಬಂದ ಅಂಕಿ ಮೀಟರಿನಲ್ಲಿ ಯಾಕೆ ಬರುವುದಿಲ್ಲ ಎಂದು ಅಲ್ಲಿ ದಿನಾ ಉತ್ತರ ಹುಡುಕಬೇಕು.

1949ರಲ್ಲಿ ಮತ್ತೆ ಮಿಷಿಗನ್‌ಗೆ ಹೋದದ್ದು ಬಾರ್ಬರ್ ವಿದ್ಯಾರ್ಥಿವೇತನದ ಮೇಲೆ. ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಲೀವೈ ಬಾರ್ಬರ್ ಎಂಬ ದಾನಿ 1917ರಲ್ಲಿ ಸ್ಥಾಪಿಸಿದ ಈ ವೇತನದಲ್ಲೇ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೂಡ ಎರಡು ದಶಕ ಮೊದಲು ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿದ್ದರು. ರಾಜೇಶ್ವರಿಯವರ ಮಾರ್ಗದರ್ಶಕ ವಿಲಿಯಂ ಗೌಲ್ಡ್ ಡೌ. ಎಲೆಕ್ಟ್ರಾನ್ ನಳಿಕೆಗಳ ಬಗ್ಗೆ ಹೆಸರಾದ ಪಠ್ಯ ಬರೆದಿದ್ದ ಡೌ, ಯುದ್ಧಕಾಲದಲ್ಲಿ ಹಾರ್ವರ್ಡಿನಲ್ಲಿ ಶತ್ರು ರೇಡಾರಿನ ಕಣ್ಣು ಕಟ್ಟುವ ಉಪಕರಣಗಳ ಮೇಲೆ ಕೆಲಸ ಮಾಡಿದ್ದವರು. ಯುದ್ಧದಲ್ಲಿ ಗುಟ್ಟಾಗಿ ಬೆಳೆದ ಮೈಕ್ರೋವೇವ್ ವಿದ್ಯೆ ಆ ತಲೆಮಾರಿನ ಪ್ರಾಧ್ಯಾಪಕರ ಮೂಲಕ ಆಗಷ್ಟೇ ತರಗತಿಗೆ ಇಳಿಯುತ್ತಿತ್ತು. 1953ರ ಆರಂಭದಲ್ಲಿ ಪಿಎಚ್.ಡಿ. ಮುಗಿಯಿತು, ರಾಜೇಶ್ವರಿ ಊರಿಗೆ ಮರಳಿದರು.

ಇಬ್ಬರು ಚಟರ್ಜಿಗಳು

ಬಂದವರೇ ಹಳೆಯ ಸಂಸ್ಥೆಯ ಹೊಸ ವಿಭಾಗದಲ್ಲಿ ಅಧ್ಯಾಪಕಿಯಾದರು. ವಿದ್ಯುತ್ಕಾಂತ ಸಿದ್ಧಾಂತ, ಎಲೆಕ್ಟ್ರಾನ್ ನಳಿಕೆಗಳ ಮಂಡಲಗಳು, ಮೈಕ್ರೋವೇವ್ ತಂತ್ರಜ್ಞಾನ, ರೇಡಿಯೋ ಎಂಜಿನಿಯರಿಂಗ್ ಇವು ಅವರು ಹೇಳುತ್ತಿದ್ದ ಪಾಠಗಳು. ಅದೇ ವರ್ಷ ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿ ಅವರೊಂದಿಗೆ ಮದುವೆಯಾಯಿತು. ನಂಜನಗೂಡಿನ ಕನ್ನಡ ಮನೆಯ ಹುಡುಗಿಯ ಹೆಸರಿನ ಕೊನೆಗೆ ಬಂಗಾಳಿ ಮನೆತನದ ಹೆಸರು ಬಂದದ್ದು ಹೀಗೆ. ಅವರನ್ನು ಬಂಗಾಳದವರೆಂದೇ ತಿಳಿಯುವವರು ಈಗಲೂ ಇದ್ದಾರೆ.

ಗಂಡ ಹೆಂಡತಿ ಸೇರಿ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿದರು. ಭಾರತದಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಸಂಶೋಧನೆಯ ಮೊದಲ ನೆಲೆಗಳಲ್ಲಿ ಅದೊಂದು. ಬೆಂಗಳೂರಿನ ಮಟ್ಟಿಗೆ ಕಾಲವೂ ಕೂಡಿಬಂದಿತ್ತು. ದೂರವಾಣಿ ಉಪಕರಣಗಳಿಗೆ ಐಟಿಐ ಕಾರ್ಖಾನೆ 1948ರಲ್ಲೇ ಶುರುವಾಗಿತ್ತು. ಸೇನೆಯ ರೇಡಿಯೋ, ರೇಡಾರ್‌ಗಳಿಗೆ ಬಿಇಎಲ್ 1954ರಲ್ಲಿ ಬಂತು. ಆ ಕಾರ್ಖಾನೆಗಳಿಗೂ ರಕ್ಷಣಾ ಪ್ರಯೋಗಾಲಯಗಳಿಗೂ, 1970ರ ದಶಕದಲ್ಲಿ ಉಪಗ್ರಹ ಕೇಂದ್ರಕ್ಕೂ, ಆಂಟೆನಾ ಗೊತ್ತಿದ್ದ ಜನ ಬೇಕಿತ್ತು. ಚಟರ್ಜಿಗಳ ಸಂಶೋಧನೆಯ ಬಳಕೆ ಹೆಚ್ಚಾಗಿ ಆದದ್ದು ರೇಡಾರ್ ಮತ್ತು ರಕ್ಷಣೆಯ ಕೆಲಸಗಳಲ್ಲಿ. ಅಂಥ ಕೆಲಸ ಪತ್ರಿಕೆಗಳಲ್ಲಿ ಸುದ್ದಿಯಾಗುವುದಿಲ್ಲ. ರಾಜೇಶ್ವರಿಯವರ ಹೆಸರು ಹೊರಗೆ ಬಹುಕಾಲ ಕೇಳಿಬರದಿದ್ದುದಕ್ಕೆ ಇದೂ ಒಂದು ಕಾರಣ.

ಮೈಕ್ರೋವೇವ್‌ನ ಮೇಜು

1950ರ ದಶಕದ ಮೈಕ್ರೋವೇವ್ ಪ್ರಯೋಗಾಲಯ, ಅದು ಯಾವ ದೇಶದ್ದಾದರೂ, ರೇಡಿಯೋ ಅಂಗಡಿಗಿಂತ ಹೆಚ್ಚಾಗಿ ಕೊಳಾಯಿ ರಿಪೇರಿಯವರ ಅಂಗಡಿಯಂತೆ ಕಾಣುತ್ತಿತ್ತು. ಮೇಜಿನ ತುಂಬ ಆಯತಾಕಾರದ ಹಿತ್ತಾಳೆ ಕೊಳವೆಗಳು. ಅದಕ್ಕೆ ಕಾರಣವಿದೆ. ಸೆಕೆಂಡಿಗೆ ಸಾವಿರ ಕೋಟಿ ಸಲ, ಅಂದರೆ 10 ಗಿಗಾಹರ್ಟ್ಸ್ ವೇಗದಲ್ಲಿ ಕಂಪಿಸುವ ವಿದ್ಯುತ್ತನ್ನು ಮಾಮೂಲಿ ಎರಡೆಳೆ ತಂತಿಯಲ್ಲಿ ಬಿಟ್ಟರೆ ಅದು ದಾರಿಯುದ್ದಕ್ಕೂ ಸೋರಿಹೋಗುತ್ತದೆ. ಆ ಆವರ್ತನದಲ್ಲಿ ತರಂಗದ ಉದ್ದ 3 ಸೆಂಟಿಮೀಟರ್. ಒಳ ಅಗಲ ಸುಮಾರು 23 ಮಿಲಿಮೀಟರ್, ಒಳ ಎತ್ತರ ಸುಮಾರು 10 ಮಿಲಿಮೀಟರ್ ಇರುವ ಟೊಳ್ಳು ಕೊಳವೆಯೊಳಗೆ ಅದು ಸೋರದೆ ಸಾಗುತ್ತದೆ. ಈ ಕೊಳವೆಗೆ ವೇವ್‌ಗೈಡ್ ಎಂದು ಹೆಸರು. ಒಂದು ತುದಿಯಲ್ಲಿ ಕ್ಲೈಸ್ಟ್ರಾನ್ ಎಂಬ ನಿರ್ವಾತ ನಳಿಕೆ ತರಂಗವನ್ನು ಹುಟ್ಟಿಸುತ್ತದೆ. ನಡುವೆ ಒಂದು ಕೊಳವೆಯ ಮೇಲ್ಮೈಯಲ್ಲಿ ಉದ್ದಕ್ಕೆ ಕೊಯ್ದ ಸೀಳು. ಅದರೊಳಗೆ ಇಳಿಬಿಟ್ಟ ಸಣ್ಣ ಸೂಜಿಯನ್ನು ಗಾಡಿಯ ಮೇಲೆ ಹಿಂದೆ ಮುಂದೆ ಸರಿಸಬಹುದು. ಸೂಜಿಗೆ ಸಿಕ್ಕಿಸಿದ ಮೀಟರಿನ ಮುಳ್ಳು ಏರುತ್ತದೆ, ಇಳಿಯುತ್ತದೆ. ಇಳಿದ ಎರಡು ಜಾಗಗಳ ನಡುವಿನ ದೂರವನ್ನು ಅಳತೆಪಟ್ಟಿಯಲ್ಲಿ ಓದಿಕೊಂಡು ಎರಡರಿಂದ ಗುಣಿಸಿದರೆ ಕೊಳವೆಯೊಳಗಿನ ತರಂಗದ ಉದ್ದ ಸಿಕ್ಕಿತು. ಮುಳ್ಳು ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದರಿಂದ ತುದಿಯಲ್ಲಿ ಕೂಡಿಸಿದ ಆಂಟೆನಾ ಎಷ್ಟನ್ನು ಹೊರಗೆ ಬಿಡುತ್ತಿದೆ, ಎಷ್ಟನ್ನು ಹಿಂದಕ್ಕೆ ಎಸೆಯುತ್ತಿದೆ ಎಂದು ತಿಳಿಯುತ್ತದೆ. ಕೈಗೂ ಕಣ್ಣಿಗೂ ತಾಳ್ಮೆ ಬೇಡುವ ಕೆಲಸ.

ಚಟರ್ಜಿಗಳು ಹೆಚ್ಚು ದುಡಿದದ್ದು ಕೊಳವೆಯೇ ಇಲ್ಲದೆ ತರಂಗವನ್ನು ನಡೆಸುವ ಬಗೆಯ ಮೇಲೆ. ಒಂದೇ ಒಂದು ಲೋಹದ ತಂತಿಯ ಹೊರಮೈಗೆ ಅಂಟಿಕೊಂಡು ತರಂಗ ಸಾಗಬಲ್ಲದು ಎಂದು ಜರ್ಮನಿಯ ಆರ್ನಲ್ಡ್ ಸೊಮರ್‌ಫೆಲ್ಡ್ 1899ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆದರೆ ಬರಿಯ ತಂತಿಯ ಸುತ್ತ ಆ ತರಂಗ ತುಂಬ ದೂರದವರೆಗೆ ಹರಡಿಕೊಳ್ಳುತ್ತದೆ. ಹತ್ತಿರ ಒಂದು ಮರವೋ ಗೋಡೆಯೋ ಇದ್ದರೆ ಕೆಟ್ಟಿತು. 1950ರಲ್ಲಿ ಅಮೆರಿಕದಲ್ಲಿ ಗೇಯಾರ್ಗ್ ಗೌಬೌ ತಂತಿಗೆ ತೆಳುವಾಗಿ ಡೈಎಲೆಕ್ಟ್ರಿಕ್ ಲೇಪ ಕೊಟ್ಟರೆ ತರಂಗ ತಂತಿಯ ಸಮೀಪಕ್ಕೇ ಮುದುಡಿಕೊಳ್ಳುತ್ತದೆ ಎಂದು ತೋರಿಸಿದರು. ವಿದ್ಯುತ್ತನ್ನು ಹರಿಯಬಿಡದೆ, ವಿದ್ಯುತ್ ಕ್ಷೇತ್ರವನ್ನು ಮಾತ್ರ ತನ್ನೊಳಗೆ ಹಿಡಿದುಕೊಳ್ಳುವ ಪ್ಲಾಸ್ಟಿಕ್, ಪಿಂಗಾಣಿಯಂಥ ವಸ್ತು ಡೈಎಲೆಕ್ಟ್ರಿಕ್. ಲೇಪ ಒಂದಲ್ಲ, ಒಂದರ ಮೇಲೊಂದು ಎರಡು ಮೂರು ಪದರ ಇದ್ದರೆ ಏನಾಗುತ್ತದೆ? ತಂತಿಯ ಮೈ ನುಣುಪಾಗಿರದೆ ಏಣು ಏಣಾಗಿದ್ದರೆ? ಬೆಂಗಳೂರಿನ ಪ್ರಯೋಗಾಲಯದಿಂದ ಹೊರಟ ಲೇಖನಗಳು ಇಂಥ ಪ್ರಶ್ನೆಗಳ ಬೆನ್ನು ಹತ್ತಿದವು. ಸಂಸ್ಥೆಯದೇ ಪತ್ರಿಕೆಯಲ್ಲೂ ದೂರಸಂಪರ್ಕ ಎಂಜಿನಿಯರುಗಳ ಸಂಸ್ಥೆಯ ಪತ್ರಿಕೆಯಲ್ಲೂ ಇಬ್ಬರ ಹೆಸರಿನಲ್ಲಿ ಅವು ಅಚ್ಚಾಗುತ್ತಿದ್ದವು.

ಗಣಿತದ ಎಂ.ಎಸ್ಸಿ. ಕೆಲಸಕ್ಕೆ ಬಂದದ್ದು ಇಲ್ಲಿ. ಪ್ರತಿ ಪದರದೊಳಗೂ ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ನಡೆಯನ್ನು ಹೇಳುವ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಬಿಡಿಸಬೇಕು. ತಂತಿ ಉರುಟಾಗಿರುವುದರಿಂದ ಉತ್ತರಗಳು ಬೆಸೆಲ್ ಫಲನಗಳ ರೂಪದಲ್ಲಿ ಬರುತ್ತವೆ. ಒಂದು ಪದರದ ಅಂಚಿನ ಕ್ಷೇತ್ರ ಪಕ್ಕದ ಪದರದ ಅಂಚಿನ ಕ್ಷೇತ್ರಕ್ಕೆ ಹೊಂದಿಕೊಳ್ಳಬೇಕೆಂಬ ಷರತ್ತು ಹಾಕಿದರೆ ಕೊನೆಗೆ ಉಳಿಯುವುದು ಒಂದು ದೊಡ್ಡ, ನೇರವಾಗಿ ಬಿಡಿಸಲಾಗದ ಸಮೀಕರಣ. ಅದರ ಮೂಲಗಳನ್ನು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೋಷ್ಟಕದ ಪುಸ್ತಕ ತೆರೆದಿಟ್ಟುಕೊಂಡು, ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ಒಂದೊಂದಾಗಿ ಹುಡುಕಬೇಕಿತ್ತು.

ತರಂಗವನ್ನು ಹಿಡಿದಿಡುವ ವಸ್ತುವೇ ಅದನ್ನು ಹೊರಗೂ ಬಿಡಬಲ್ಲದು. ಪಾಲಿಸ್ಟೈರೀನಿನ ಒಂದು ಕೋಲನ್ನು ವೇವ್‌ಗೈಡಿನ ಬಾಯಿಗೆ ಸಿಕ್ಕಿಸಿ, ತುದಿಯತ್ತ ಸಣ್ಣಗೆ ಮಾಡುತ್ತ ಹೋದರೆ ಕೋಲಿನ ಮೈಗುಂಟ ಬಂದ ತರಂಗ ತುದಿಯಿಂದ ನೇರ ಮುಂದಕ್ಕೆ ಹೊರಟುಹೋಗುತ್ತದೆ. ಲೋಹವೇ ಇಲ್ಲದ ಆಂಟೆನಾ! ಯುದ್ಧಕಾಲದ ಅಮೆರಿಕದ ನೌಕಾ ರೇಡಾರುಗಳಲ್ಲಿ ಇಂಥ ಕೋಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಚಟರ್ಜಿಗಳ ಬಳಗ ಕೋಲಿನಿಂದ ಗೋಳಕ್ಕೂ, ಡೈಎಲೆಕ್ಟ್ರಿಕ್ ತುಂಬಿದ ಲೋಹದ ಆಂಟೆನಾಗಳಿಗೂ ಹೋಯಿತು. ಈ ಸರಣಿಯ ಕೆಲಸವನ್ನೆಲ್ಲ ಒಟ್ಟು ಮಾಡಿ ರಾಜೇಶ್ವರಿ ಬರೆದ ‘ಡೈಎಲೆಕ್ಟ್ರಿಕ್ ಅಂಡ್ ಡೈಎಲೆಕ್ಟ್ರಿಕ್ ಲೋಡೆಡ್ ಆಂಟೆನಾಸ್’ 1985ರಲ್ಲಿ ಇಂಗ್ಲೆಂಡಿನಿಂದ ಹೊರಬಂತು. ಅವರ ಪುಸ್ತಕಗಳಲ್ಲಿ ಇದನ್ನೇ ಮುಖ್ಯವಾದದ್ದೆಂದು ಎಣಿಸಬೇಕು. ಉಳಿದ ಪಠ್ಯಗಳನ್ನು ಒಳ್ಳೆಯ ಅಧ್ಯಾಪಕರು ಯಾರಾದರೂ ಬರೆಯಬಹುದಿತ್ತು, ಇದನ್ನು ಆ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕಳೆದವರೇ ಬರೆಯಬೇಕು.

ಮೊಬೈಲಿಗೆ ಏನು ಸಂಬಂಧ

300 ಮೆಗಾಹರ್ಟ್ಸ್‌ನಿಂದ 300 ಗಿಗಾಹರ್ಟ್ಸ್‌ವರೆಗಿನ ತರಂಗಗಳನ್ನು ಮೈಕ್ರೋವೇವ್ ಎನ್ನುವುದು ರೂಢಿ. ಭಾರತದಲ್ಲಿ ಮೊದಲು ಬಂದ ಜಿಎಸ್‌ಎಂ ಫೋನುಗಳು 900 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತಿದ್ದವು. ತರಂಗದ ಉದ್ದ ಸುಮಾರು 33 ಸೆಂಟಿಮೀಟರ್. ಅದರ ಕಾಲುಭಾಗ 8 ಸೆಂಟಿಮೀಟರ್ ಉದ್ದದ ಕಡ್ಡಿ ಆಂಟೆನಾ ಆಗಬೇಕು. ಹಳೆಯ ಹ್ಯಾಂಡ್‌ಸೆಟ್‌ಗಳ ತಲೆಯ ಮೇಲೆ ಎಳೆಯುವ ಕಡ್ಡಿ ಇದ್ದುದು ಇದಕ್ಕೇ. ಆಮೇಲೆ ಆ ಕಡ್ಡಿ ಮಾಯವಾಯಿತು. ಮಡಚಿದ ಲೋಹದ ಹಾಳೆಗಳು, ಡೈಎಲೆಕ್ಟ್ರಿಕ್ ತುಂಡಿನ ಮೇಲೆ ಕೂರಿಸಿದ ಆಂಟೆನಾಗಳು ಅದರ ಜಾಗಕ್ಕೆ ಬಂದವು. ಡೈಎಲೆಕ್ಟ್ರಿಕ್‌ನ ಒಳಗೆ ತರಂಗದ ಉದ್ದವೇ ಕುಗ್ಗುತ್ತದೆ: ಕ್ಷೇತ್ರವನ್ನು ಹಿಡಿದಿಡುವ ಅದರ ಗುಣದ ಅಳತೆ, ಅಂದರೆ ಸಾಪೇಕ್ಷ ಪರ್ಮಿಟಿವಿಟಿ, 9 ಇದ್ದರೆ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂಗೈಯಲ್ಲಿ ಹಿಡಿಯುವ ಸಾಧನದೊಳಗೆ ಆಂಟೆನಾ ಅಡಗಿ ಕೂರಲು ಈ ಕುಗ್ಗುವಿಕೆ ದೊಡ್ಡ ನೆರವಾಯಿತು. ಟವರ್‌ಗಳ ಬುಡದ ಪೆಟ್ಟಿಗೆಗಳಲ್ಲಿ ಒಂದು ಕಂಪನಿಯ ಆವರ್ತನವನ್ನು ಇನ್ನೊಂದರಿಂದ ಬೇರ್ಪಡಿಸುವ ಸೋಸುಕಗಳಲ್ಲೂ ಡೈಎಲೆಕ್ಟ್ರಿಕ್ ಪಿಂಗಾಣಿಯ ಬಿಲ್ಲೆಗಳು ಬಳಕೆಗೆ ಬಂದವು.

ಊರಿನ ಟವರನ್ನು ತಲೆಯೆತ್ತಿ ನೋಡಿದರೆ ಉದ್ದನೆಯ ಹಲಗೆಗಳಂಥ ಆಂಟೆನಾಗಳ ಜೊತೆಗೆ ದುಂಡಗಿನ ಡೋಲಿನಾಕಾರದವೂ ಕಾಣುತ್ತವೆ. ಹಲಗೆಗಳು ಫೋನುಗಳ ಜೊತೆ ಮಾತಾಡುತ್ತವೆ. ಡೋಲುಗಳು ಪಕ್ಕದೂರಿನ ಟವರಿನ ಜೊತೆ. ಆಪ್ಟಿಕಲ್ ಫೈಬರ್ ತಲುಪದ ಮಲೆನಾಡಿನ ಗುಡ್ಡಗಳಲ್ಲಿ ಈ ಮೈಕ್ರೋವೇವ್ ಕೊಂಡಿಯೇ ಗತಿ. ಇನ್ನು 5ಜಿಗೆಂದು 2022ರಲ್ಲಿ ಭಾರತ ಹರಾಜು ಹಾಕಿದ ಆವರ್ತನಗಳಲ್ಲಿ 26 ಗಿಗಾಹರ್ಟ್ಸ್ ಕೂಡ ಸೇರಿತ್ತು. ಅಲ್ಲಿ ತರಂಗದ ಉದ್ದ 12 ಮಿಲಿಮೀಟರಿಗೂ ಕಡಿಮೆ. ಅಂದರೆ ಚಟರ್ಜಿಗಳ ಕಾಲದ ಪ್ರಯೋಗಾಲಯದ 3 ಸೆಂಟಿಮೀಟರ್ ತರಂಗವನ್ನೂ ದಾಟಿ, 1895ರಲ್ಲಿ ಜಗದೀಶ್ಚಂದ್ರ ಬೋಸ್ ಕಲ್ಕತ್ತೆಯಲ್ಲಿ ಪ್ರದರ್ಶಿಸಿದ ಮಿಲಿಮೀಟರ್ ತರಂಗಗಳ ಹತ್ತಿರ ಮೊಬೈಲ್ ತಂತ್ರಜ್ಞಾನ ಬಂದಿದೆ.

ಇವೆಲ್ಲವನ್ನೂ ರಾಜೇಶ್ವರಿಯವರ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಮೊಬೈಲ್ ಜಾಲದ ದೊಡ್ಡ ಸಂಶೋಧನೆಗಳು ಬೆಲ್ ಲ್ಯಾಬ್ಸ್‌ನಲ್ಲಿ, ಯೂರೋಪಿನ ಕಂಪನಿಗಳಲ್ಲಿ, ಜಪಾನಿನಲ್ಲಿ ಆದವು. ಭಾರತದೊಳಗೇ ನೋಡಿದರೂ 1990ರ ದಶಕದಲ್ಲಿ ಕೋರ್‌ಡೆಕ್ಟ್ ಎಂಬ ನಿಸ್ತಂತು ದೂರವಾಣಿ ಜಾಲವನ್ನು ರೂಪಿಸಿದ್ದು ಮದರಾಸಿನ ಐಐಟಿಯ ಅಶೋಕ್ ಝುನ್‌ಝುನ್‌ವಾಲಾ ಅವರ ಬಳಗ. ಅಷ್ಟು ಹೊತ್ತಿಗೆ ರಾಜೇಶ್ವರಿ ನಿವೃತ್ತರಾಗಿ ಹತ್ತು ವರ್ಷ ದಾಟಿತ್ತು. ಆದರೆ ಇಂಥ ಯಾವುದೇ ಬಳಗದಲ್ಲಿ ಆಂಟೆನಾ ವಿನ್ಯಾಸ ಮಾಡಲು ಕೂರುವವರು ಎಲ್ಲೋ ಒಂದು ಕಡೆ ವಿದ್ಯುತ್ಕಾಂತ ಸಿದ್ಧಾಂತವನ್ನು ಕಲಿತಿರಲೇಬೇಕು. ಆ ಪಾಠ 1953ರಿಂದ 1982ರವರೆಗೆ ಬೆಂಗಳೂರಿನಲ್ಲಿ ತಪ್ಪದೆ ನಡೆಯಿತು.

ಶಿಷ್ಯರು, ಪುಸ್ತಕಗಳು, ಪ್ರಶಸ್ತಿಗಳು

ರಾಜೇಶ್ವರಿಯವರ ಮಾರ್ಗದರ್ಶನದಲ್ಲಿ 20 ಮಂದಿ ಪಿಎಚ್.ಡಿ. ಪಡೆದರು. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನಗಳು ಪ್ರಕಟವಾದವು. ಬ್ರಿಟನ್ನಿನ ರೇಡಿಯೋ ಎಂಜಿನಿಯರುಗಳ ಸಂಸ್ಥೆಯಿಂದ ಉತ್ತಮ ಲೇಖನಕ್ಕಾಗಿ ಮೌಂಟ್‌ಬ್ಯಾಟನ್ ಪ್ರಶಸ್ತಿ, ಭಾರತೀಯ ಎಂಜಿನಿಯರುಗಳ ಸಂಸ್ಥೆಯಿಂದ ಜೆ. ಸಿ. ಬೋಸ್ ಸ್ಮಾರಕ ಪ್ರಶಸ್ತಿ, ದೂರಸಂಪರ್ಕ ಎಂಜಿನಿಯರುಗಳ ಸಂಸ್ಥೆಯಿಂದ ಸಂಶೋಧನೆ ಮತ್ತು ಬೋಧನೆಗಾಗಿ ರಾಮ್‌ಲಾಲ್ ವಾಧ್ವಾ ಪ್ರಶಸ್ತಿ ಬಂದವು.

‘ಎಲಿಮೆಂಟ್ಸ್ ಆಫ್ ಮೈಕ್ರೋವೇವ್ ಎಂಜಿನಿಯರಿಂಗ್’, ‘ಅಡ್ವಾನ್ಸ್ಡ್ ಮೈಕ್ರೋವೇವ್ ಎಂಜಿನಿಯರಿಂಗ್’, ‘ಆಂಟೆನಾ ಥಿಯರಿ ಅಂಡ್ ಪ್ರ್ಯಾಕ್ಟೀಸ್’ ಇವು ಅವರ ಪಠ್ಯಗಳು. ಪಠ್ಯಗಳೆಲ್ಲ ಬಂದದ್ದು ನಿವೃತ್ತಿಯ ನಂತರ, 1980ರ ದಶಕದಲ್ಲಿ ಎಂಬುದನ್ನು ಗಮನಿಸಬೇಕು. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಒರೆಸಿದ್ದನ್ನು ಬಿಡುವಾದಾಗ ಕಾಗದಕ್ಕೆ ಇಳಿಸಿದಂತೆ ತೋರುತ್ತದೆ. ಅಮೆರಿಕದ ಪ್ರಾಧ್ಯಾಪಕ ಪೆರಂಬೂರ್ ಎಸ್. ನೀಲಕಂಠ ಅವರ ಜೊತೆ ಸೇರಿ ಬರೆದ ‘ಆಂಟೆನಾಸ್ ಫಾರ್ ಇನ್‌ಫರ್ಮೇಷನ್ ಸೂಪರ್ ಸ್ಕೈವೇಸ್’ ಬಂದಾಗ ರಾಜೇಶ್ವರಿಯವರಿಗೆ ಎಂಬತ್ತು ದಾಟಿತ್ತು. ಆ ಹೊತ್ತಿಗೆ ಮೊಬೈಲ್ ಭಾರತದ ಬೀದಿಗೆ ಬಂದಾಗಿತ್ತು.

ನಿವೃತ್ತಿಯ ನಂತರ

1982ರಲ್ಲಿ ನಿವೃತ್ತರಾದ ಮೇಲೆ ಅವರು ತೊಡಗಿಕೊಂಡದ್ದು ಸಮಾಜಸೇವೆಯಲ್ಲಿ, ಅದರಲ್ಲೂ ಭಾರತೀಯ ಮಹಿಳಾ ಅಧ್ಯಯನ ಸಂಘದ ಕೆಲಸಗಳಲ್ಲಿ. ಬಡವರ, ಹೆಂಗಸರ ಬದುಕನ್ನು ಕಂಡು ಬರೆದ ‘ವಸುಧೈವ ಕುಟುಂಬಕಂ’ ಮತ್ತು ಆತ್ಮಕಥನ ‘ಎ ಥೌಸಂಡ್ ಸ್ಟ್ರೀಮ್ಸ್’ ಈ ಅವಧಿಯವು. ಇತಿಹಾಸ ಓದಬೇಕೆಂದಿದ್ದ ಸೆಂಟ್ರಲ್ ಕಾಲೇಜಿನ ಹುಡುಗಿಯ ಕೈಬರಹ ಇವುಗಳಲ್ಲಿದೆ. ಅಜ್ಜಿಯ ಕೆಲಸದ ಮುಂದುವರಿಕೆಯೂ ಹೌದು. ಎಂಜಿನಿಯರುಗಳ ಆತ್ಮಕಥೆ ಸಾಮಾನ್ಯವಾಗಿ ಪದವಿ ಪ್ರಶಸ್ತಿಗಳ ಪಟ್ಟಿಯಾಗಿಬಿಡುತ್ತದೆ. ತನ್ನದನ್ನು ಸಾವಿರ ತೊರೆಗಳೆಂದು ಕರೆದವರು ತಮ್ಮೊಬ್ಬರ ಕಥೆ ಹೇಳಲು ಹೊರಟಿರಲಿಲ್ಲ ಎಂಬುದು ಹೆಸರಿನಲ್ಲೇ ತಿಳಿಯುತ್ತದೆ.

ಶಿಶಿರ್ ಕುಮಾರ್ ಚಟರ್ಜಿ 1994ರಲ್ಲಿ ತೀರಿಕೊಂಡರು. ರಾಜೇಶ್ವರಿ 2010ರ ಸೆಪ್ಟೆಂಬರ್ 3ರಂದು, ತಮ್ಮ 88ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಮಗಳು ಇಂದಿರಾ ಚಟರ್ಜಿ ಅಮೆರಿಕದ ನೆವಾಡಾ ವಿಶ್ವವಿದ್ಯಾನಿಲಯದ ರೀನೋ ಕೇಂದ್ರದಲ್ಲಿ ವಿದ್ಯುತ್ ಮತ್ತು ಜೈವಿಕ ವೈದ್ಯಕೀಯ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾಗಿ ಕೆಲಸ ಮಾಡಿದ್ದಾರೆ. ವಿದ್ಯುತ್ಕಾಂತ ತರಂಗಗಳು ಜೀವಕೋಶಗಳ ಮೇಲೆ ಏನು ಮಾಡುತ್ತವೆ ಎಂಬುದು ಅವರ ಸಂಶೋಧನೆಯ ವಿಷಯ.

ಬಿರುದು

2017ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ತಮ್ಮ ಕ್ಷೇತ್ರಗಳಲ್ಲಿ ಮೊದಲಿಗರಾದ ಮಹಿಳೆಯರನ್ನು ನೆನೆದಾಗ ರಾಜೇಶ್ವರಿಯವರ ಹೆಸರನ್ನೂ ಎತ್ತಿಕೊಂಡಿತು. ಅಲ್ಲಿಂದೀಚೆಗೆ ಪತ್ರಿಕೆಗಳು ಅವರನ್ನು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದೇ ಕರೆಯುತ್ತವೆ. ಕೆಲವರು ‘ಭಾರತದ’ ಎಂದೂ ಬರೆದುಬಿಡುತ್ತಾರೆ, ಅದು ತಪ್ಪು. ಎಂಜಿನಿಯರಿಂಗ್ ಪದವಿಯ ಲೆಕ್ಕದಲ್ಲಿ ಗಿಂಡಿಯ ಮೂವರು ಅವರಿಗಿಂತ ಮುಂದಿದ್ದಾರೆ. ರಾಜೇಶ್ವರಿಯವರಿಗೆ ಎಂಜಿನಿಯರಿಂಗ್‌ನ ಮೊದಲ ಪದವಿ ಬಂದದ್ದು ಮಿಷಿಗನ್‌ನಲ್ಲಿ, 1947ರ ನಂತರ. ಅವರನ್ನು ಬೇರೆಯವರಿಂದ ಬೇರ್ಪಡಿಸಿ ತೋರಿಸುವ ಸಂಗತಿ ಇನ್ನೊಂದಿದೆ: ಹೆಣ್ಣುಮಕ್ಕಳನ್ನು ವಿದ್ಯಾರ್ಥಿಗಳಾಗಿ ಒಪ್ಪಿಕೊಳ್ಳಲು ತಡವರಿಸಿದ್ದ ಸಂಸ್ಥೆಯಲ್ಲಿ, ಇನ್ನೂ ಹೊಸದಾಗಿದ್ದ ಒಂದು ಎಂಜಿನಿಯರಿಂಗ್ ವಿಭಾಗಕ್ಕೆ ಅಧ್ಯಾಪಕಿಯಾಗಿ ಸೇರಿ, ಅದರ ಮುಖ್ಯಸ್ಥೆಯಾದವರು ಅವರು.